ಓದುಗರ ಪ್ರಶ್ನೆ: ಜೆರ್ಸಿಯ ಮೇಲೆ ವಿಶ್ವವಿದ್ಯಾಲಯದ ಹೆಸರು

ಕಳೆದ ಸಂಚಿಕೆಯ ಅಂಕಣದಲ್ಲಿ ಸ್ಪೇನ್ ದೇಶದ ಯೂಕಾಮ್ ಮುರ್ಸಿಯಾ ಎಂಬ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಕುರಿತು ನಾಲ್ಕು ಸಾಲು ಬರೆದಿದ್ದೆ. ವಿಶ್ವವಿದ್ಯಾಲಯದ ಹೆಸರು ಹೊತ್ತ ತಂಡವೊಂದು ಸಂಬಳ ಕೊಟ್ಟು ಆಟಗಾರರನ್ನು ಆಡಿಸುತ್ತದೆ ಎಂಬ ಮಾತಿಗೆ ಕೊಡಗಿನಿಂದಲೇ ಇಷ್ಟೊಂದು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಹಾಕಿಯ ನಾಡಿನಲ್ಲಿ ಬುಟ್ಟಿಚೆಂಡಿನ ಬಗ್ಗೆ ಕೇಳುವವರು ಸಿಕ್ಕಿದ್ದು, ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ನಿವೃತ್ತನಾದ ನನಗೆ ಸಂತೋಷದ ಸಂಗತಿಯೇ ಆದ್ದರಿಂದ, ಈ ಸಲದ ಅಂಕಣವನ್ನು ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನೀವು ಬರೆದ ತಂಡದ ಪಂದ್ಯವನ್ನು ನನ್ನ ಮಗ ಮೊಬೈಲಿನಲ್ಲಿ ತೋರಿಸಿದ. ಆಟಗಾರರ ಗಡ್ಡ, ಮೈಕಟ್ಟು ನೋಡಿದರೆ ಯಾರೂ ಕಾಲೇಜು ಹುಡುಗರಂತೆ ಕಾಣಲಿಲ್ಲ. ಇವರೆಲ್ಲ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ?
— ಕಾಫಿ ಬೆಳೆಗಾರರೊಬ್ಬರು, ಸಿದ್ದಾಪುರ

ಉತ್ತರ: ಅಲ್ಲ. ನಿಮ್ಮ ಕಣ್ಣು ನಿಮಗೆ ಸರಿಯಾಗಿಯೇ ಹೇಳಿದೆ.

ಆ ಕ್ಲಬ್ಬು ಹುಟ್ಟಿದ್ದು 1985ರಲ್ಲಿ. ಯೂಕಾಮ್ ಎಂಬ ಹ್ರಸ್ವನಾಮದಿಂದ ಎಲ್ಲರಿಗೂ ಗೊತ್ತಿರುವ ಮುರ್ಸಿಯಾದ ಸಾನ್ ಅಂಟೋನಿಯೊ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1996ರಲ್ಲಿ. ಅಂದರೆ ವಿಶ್ವವಿದ್ಯಾಲಯವೇ ಕ್ಲಬ್ಬಿಗಿಂತ ಕಿರಿಯದು. ಮಗನಿಗಿಂತ ತಂದೆ ಚಿಕ್ಕವನಾದಂತಹ ಸಂಬಂಧ ಇದು. ಊರಿನ ಹೆಸರಿನಲ್ಲಿ ಆಡುತ್ತ, ಮೊದಲ ದರ್ಜೆಗೂ ಎರಡನೆಯ ದರ್ಜೆಗೂ ನಡುವೆ ಹಲವು ಸಲ ಏರಿಳಿದಿದ್ದ ಆ ಕ್ಲಬ್ಬಿಗೆ 2010ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯವು ಪ್ರಾಯೋಜಕನಾಗಿ ಬಂದಿತು, ತನ್ನ ಹೆಸರನ್ನು ಜೆರ್ಸಿಯ ಮೇಲೆ ಬರೆಸಿತು, ಮುಂದೆ ಆಡಳಿತವನ್ನೂ ಕೈಗೆ ತೆಗೆದುಕೊಂಡಿತು. ವಿಶ್ವವಿದ್ಯಾಲಯವನ್ನು ಕಟ್ಟಿದ ಹೊಸೆ ಲೂಯಿಸ್ ಮೆಂಡೋಸಾ ಅವರೇ ಕ್ಲಬ್ಬಿನ ಅಧ್ಯಕ್ಷರೂ ಆಗಿದ್ದರು. ಆ ಬಳಿಕ ತಂಡವು 2018ರಲ್ಲಿಯೂ 2024ರಲ್ಲಿಯೂ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ಸ್ ಲೀಗ್ ಎಂಬ ಯುರೋಪಿನ ಕ್ಲಬ್ಬುಗಳ ಪಂದ್ಯಾವಳಿಯ ಕೊನೆಯ ನಾಲ್ಕರ ಹಂತವನ್ನು ಮುಟ್ಟಿತು. 2024ರಲ್ಲಿಯೇ ಸ್ಪೇನಿನ ಅತ್ಯುನ್ನತ ಲೀಗಿನ ಸೆಮಿಫೈನಲ್‌ನಲ್ಲಿ ಮಾಲಗಾದ ಬಲಿಷ್ಠ ಯುನಿಕಾಹಾ ತಂಡವನ್ನು ಸೋಲಿಸಿ ಫೈನಲ್ ಸರಣಿಗೆ ಬಂದು, ಅಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 3–0 ಅಂತರದಲ್ಲಿ ಸೋತಿತು.

ಆ ಫೈನಲ್ ಆಡಿದ ತಂಡದಲ್ಲಿ ಡಿಲನ್ ಎನಿಸ್ ಎಂಬ ಕೆನಡಾದ ಆಟಗಾರನಿದ್ದ. ಅವನು ಅಮೆರಿಕದ ವಿಲನೋವಾ, ಓರೆಗಾನ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಓದಿ, 2017ಕ್ಕೇ ಕಾಲೇಜು ಆಟ ಮುಗಿಸಿದವನು. ಓದು ಮುಗಿದು ಏಳು ವರ್ಷಗಳಾದ ಮೇಲೆ ಮೂವತ್ತು ದಾಟಿದ ಆಟಗಾರನೊಬ್ಬ ಮತ್ತೆ ಒಂದು ವಿಶ್ವವಿದ್ಯಾಲಯದ ಹೆಸರಿನ ಜೆರ್ಸಿ ತೊಟ್ಟದ್ದು ಪಾಠ ಕೇಳುವುದಕ್ಕಲ್ಲ, ಕರಾರಿನ ಮೇಲೆ ದುಡಿಯುವುದಕ್ಕೆ.

ಜೆರ್ಸಿಯ ಮೇಲಿನ ಹೆಸರು ಎಲ್ಲ ಕಡೆಯೂ ಒಂದೇ ಅರ್ಥ ಕೊಡುವುದಿಲ್ಲ. ಕೆಲವೆಡೆ ಅದು ಹಣ ಕೊಟ್ಟವರ ಹೆಸರು, ಕೆಲವೆಡೆ ಒಡೆಯರದು, ಕೆಲವೆಡೆ ತಂಡ ಹುಟ್ಟಿದ ಅಂಗಳದ ನೆನಪು ಮಾತ್ರ. ತಂಡದ ಹೆಸರಿನಲ್ಲಿ ವಿಶ್ವವಿದ್ಯಾಲಯವನ್ನು ಕಂಡಾಗಲೆಲ್ಲ ಎರಡು ವಿಷಯ ವಿಚಾರಿಸಬೇಕು: ಚೆಕ್ಕಿಗೆ ಸಹಿ ಹಾಕುವವರು ಯಾರು, ತರಗತಿಯಲ್ಲಿ ಕೂರುವವರು ಯಾರು. ಮುಂದಿನ ಪತ್ರಗಳಿಗೂ ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡೇ ಉತ್ತರಿಸುತ್ತೇನೆ.

ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಹತ್ತಾರು ಸಾವಿರ ಜನ ಸೇರುತ್ತಾರಲ್ಲ, ಅವೂ ವೃತ್ತಿಪರ ತಂಡಗಳೇ ಅಲ್ಲವೇ?
— ಪದವಿ ವಿದ್ಯಾರ್ಥಿ, ಮಡಿಕೇರಿ

ಉತ್ತರ: ಐದು ವರ್ಷಗಳ ಹಿಂದೆ ಈ ಪ್ರಶ್ನೆ ಬಂದಿದ್ದರೆ ಒಂದೇ ಸಾಲಿನಲ್ಲಿ ಇಲ್ಲ ಎಂದು ಬರೆದು ಮುಗಿಸುತ್ತಿದ್ದೆ. ಈಗ ಹಾಗೆ ಬರೆಯಲಾಗದು.

ಅಲ್ಲಿನ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆಯ ನಿಯಮದಂತೆ ಆಟಗಾರನು ಮೊದಲು ವಿದ್ಯಾರ್ಥಿಯಾಗಿರಬೇಕು. ಶುಲ್ಕ, ವಸತಿ, ಊಟಗಳಿಗೆ ವಿದ್ಯಾರ್ಥಿವೇತನ ಪಡೆಯಬಹುದಾಗಿತ್ತೇ ಹೊರತು ಆಟಕ್ಕೆ ಸಂಬಳ ಪಡೆಯುವಂತಿರಲಿಲ್ಲ. ಕ್ರೀಡಾಂಗಣ ತುಂಬುತ್ತಿತ್ತು, ದೂರದರ್ಶನದ ಹಕ್ಕುಗಳು ಭಾರಿ ಮೊತ್ತಕ್ಕೆ ಮಾರಾಟವಾಗುತ್ತಿದ್ದವು, ತರಬೇತುದಾರರು ಕೋಟಿಗಳಲ್ಲಿ ಸಂಪಾದಿಸುತ್ತಿದ್ದರು, ಬೆವರು ಸುರಿಸುವವನಿಗೆ ಮಾತ್ರ ಕೈಗೆ ಕಾಸಿಲ್ಲ ಎಂಬ ಸ್ಥಿತಿ ದಶಕಗಳ ಕಾಲ ನಡೆಯಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಲು ಅನುಮತಿ ದೊರೆಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ತಮ್ಮ ಕ್ರೀಡಾ ಆದಾಯದಲ್ಲಿ ಒಂದು ಪಾಲನ್ನು ಆಟಗಾರರಿಗೆ ನೇರವಾಗಿ ಹಂಚಬಹುದು. ಮೊದಲ ವರ್ಷಕ್ಕೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಎಲ್ಲ ಕ್ರೀಡೆಗಳೂ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ.

ಹಾಗಿದ್ದರೂ ಒಂದು ವ್ಯತ್ಯಾಸ ಉಳಿದಿದೆ. ಅಮೆರಿಕದ ಕಾಲೇಜು ಆಟಗಾರ ಇಂದಿಗೂ ಅಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಯೇ, ಅವನ ಆಟದ ವರ್ಷಗಳಿಗೆ ಲೆಕ್ಕವಿದೆ, ಅವನು ಆಡುವುದು ಇತರ ಕಾಲೇಜುಗಳ ಮೇಲೆ. ಯುರೋಪಿನ ವಿಶ್ವವಿದ್ಯಾಲಯ ಕ್ಲಬ್ಬು ಆಡುವುದು ಊರಿನ, ಕಂಪನಿಯ, ಫುಟ್‌ಬಾಲ್ ಸಂಸ್ಥೆಗಳ ವೃತ್ತಿಪರ ತಂಡಗಳ ಮೇಲೆ. ಕೊನೆಯ ಸ್ಥಾನಕ್ಕೆ ಕುಸಿದರೆ ಕೆಳಗಿನ ದರ್ಜೆಗೆ ಇಳಿಯಬೇಕು. ಪರೀಕ್ಷೆಯಲ್ಲಿ ನಪಾಸಾದವರ ಸಂಖ್ಯೆಗೂ ಆ ಇಳಿತಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಇಂತಹ ತಂಡಗಳ ಮೂಲ ಎಲ್ಲಿದೆ? ಇದು ಇತ್ತೀಚಿನ ವ್ಯಾಪಾರವೋ, ಇಲ್ಲ ಹಳೆಯ ಸಂಪ್ರದಾಯವೋ?
— ಉಪನ್ಯಾಸಕರೊಬ್ಬರು, ಪೊನ್ನಂಪೇಟೆ

ಉತ್ತರ: ತಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಲು ಅಪ್ಪಣೆ ಬೇಡುತ್ತೇನೆ, ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ವಿದ್ಯಾಸಂಸ್ಥೆಯಲ್ಲಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು, ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ವಿದ್ಯಾರ್ಥಿಗಳಿಗಾಗಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಯ ಮೇಲ್ಮಾಳಿಗೆಗೆ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಹೊರಗೆ ಹಿಮ ಬೀಳುವಾಗ ಒಳಗೆ ಆಡುವ ಆಟ ಎಂಬುದನ್ನು ಮಳೆನಾಡಿನ ನಾವು ಗಮನದಲ್ಲಿ ಇಟ್ಟುಕೊಳ್ಳಬೇಕು.

ಯುರೋಪಿನಲ್ಲಿ ವಿದ್ಯಾರ್ಥಿಗಳ ಕ್ರೀಡಾ ಸಂಘಗಳು ಬೇರೂರಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಪೋಲೆಂಡ್‌ನ ತಂಡಗಳ ಹೆಸರಿನ ಮುಂದೆ ಕಾಣುವ ಎಝೆಡ್‌ಎಸ್ ಎಂಬ ಮೂರಕ್ಷರಗಳು ಕ್ರಾಕೋ ನಗರದ ಯಾಗಿಯೆಲೋನಿಯನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವಿದ್ಯಾರ್ಥಿ ಕ್ರೀಡಾ ಸಂಘದವು. ಜರ್ಮನಿಯ ಹೈಡೆಲ್‌ಬರ್ಗ್ ನಗರದ ಯುಎಸ್‌ಸಿ ಎಂದರೆ ವಿಶ್ವವಿದ್ಯಾಲಯ ಕ್ರೀಡಾ ಕ್ಲಬ್. ಅದು 1977ರವರೆಗೆ ಜರ್ಮನಿಯ ಚಾಂಪಿಯನ್ ಪಟ್ಟವನ್ನು ಹಲವು ಸಲ ಗೆದ್ದಿತು. 1773ರಲ್ಲಿ ಸ್ಥಾಪನೆಯಾದ ಇಸ್ತಾಂಬುಲ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡವು 1968ರಿಂದ 1973ರ ನಡುವೆ ಐದು ಬಾರಿ ಟರ್ಕಿಯ ಲೀಗ್ ಗೆದ್ದದ್ದನ್ನು ಕೇಳಿದರೆ, ಎಂಜಿನಿಯರಿಂಗ್ ಓದುವವರಿಗೆ ಆಟಕ್ಕೆ ಪುರುಸೊತ್ತಿಲ್ಲ ಎನ್ನುವ ನಮ್ಮ ಪೋಷಕರು ಸ್ವಲ್ಪ ಯೋಚಿಸಬೇಕಾಗುತ್ತದೆ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಎಸ್ಟೋನಿಯಾದ ಟಾರ್ಟು ನಗರದಲ್ಲಿ. ಆ ನಗರದ ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. 2011ರ ಜನಗಣತಿಯಂತೆ ನಮ್ಮ ಕೊಡಗು ಜಿಲ್ಲೆಯಲ್ಲಿಯೇ ಐದೂವರೆ ಲಕ್ಷ ಜನರಿದ್ದಾರೆ. 1632ರಲ್ಲಿ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸ್ ಸ್ಥಾಪಿಸಿದ ವಿಶ್ವವಿದ್ಯಾಲಯವೇ ಆ ಊರಿನ ಜೀವ. ಎರಡನೆಯ ಮಹಾಯುದ್ಧದ ಬಳಿಕ ಎಸ್ಟೋನಿಯಾ ಸೋವಿಯತ್ ಒಕ್ಕೂಟದೊಳಗೆ ಸೇರಿಹೋಗಿದ್ದ ಕಾಲದಲ್ಲಿ, 1949ರಲ್ಲಿ, ಈ ವಿಶ್ವವಿದ್ಯಾಲಯದ ಪುರುಷರ ತಂಡವು ಮಾಸ್ಕೋದ ಸೇನಾ ತಂಡವೂ ಸೇರಿದಂತೆ ಎಲ್ಲರನ್ನೂ ಹಿಂದಿಕ್ಕಿ ಇಡೀ ಸೋವಿಯತ್ ಒಕ್ಕೂಟದ ಚಾಂಪಿಯನ್ ಆಯಿತು. ಆ ತಂಡದ ಇಲ್ಮಾರ್ ಕುಲಾಮ್ ಮತ್ತು ಹೈನೊ ಕ್ರೂಸ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಸೋವಿಯತ್ ತಂಡದಲ್ಲಿ ಆಡಿದರು.

ಆ ದಿನಗಳಲ್ಲಿ ಸೋವಿಯತ್ ವ್ಯವಸ್ಥೆಯಲ್ಲಿ ವೃತ್ತಿಪರ ಆಟಗಾರನೆಂಬ ಪದಕ್ಕೇ ಜಾಗವಿರಲಿಲ್ಲ. ಆಟಗಾರನು ಕಾಗದದ ಮೇಲೆ ಸೈನಿಕನಾಗಿರಬೇಕು, ಕಾರ್ಖಾನೆಯ ನೌಕರನಾಗಿರಬೇಕು, ಅಥವಾ ವಿದ್ಯಾರ್ಥಿಯಾಗಿರಬೇಕು. ಅಂತಾರಾಷ್ಟ್ರೀಯ ಸಂಸ್ಥೆಯಾದ ಫಿಬಾ ಕೂಡ ತನ್ನ ಹೆಸರಿನಿಂದ ಹವ್ಯಾಸಿ ಎಂಬ ಪದವನ್ನು ತೆಗೆದುಹಾಕಿದ್ದು 1989ರಲ್ಲಿಯೇ. ಹಾಗಾಗಿ ವಿಶ್ವವಿದ್ಯಾಲಯ ಎಂಬುದು ಆಗ ಆಟಗಾರನಿಗೆ ಅನ್ನ, ವಸತಿ, ಅಭ್ಯಾಸದ ಅಂಗಣ ಮೂರನ್ನೂ ಕೊಡುವ ಆಸರೆಯಾಗಿತ್ತು. ಸೋವಿಯತ್ ಒಕ್ಕೂಟ ಕುಸಿದು ಮಾರುಕಟ್ಟೆ ಬಂದಾಗ ಅಂಗಣ ಉಳಿಯಿತು, ಹೆಸರು ಉಳಿಯಿತು, ಹಣ ಮಾತ್ರ ಹೊರಗಿನಿಂದ ಬರಬೇಕಾಯಿತು. ಅಂದಿನಿಂದ ಟಾರ್ಟು ತಂಡದ ಹೆಸರಿನ ಬಾಲ ಬದಲಾಗುತ್ತಲೇ ಬಂದಿದೆ: ಒಂದು ಕಾಲಕ್ಕೆ ‘ರಾಕ್’ ಎಂದಿತ್ತು, ಇತ್ತೀಚೆಗೆ ಮಾಂಸದ ತಿನಿಸುಗಳ ಬ್ರಾಂಡ್ ಒಂದರ ಹೆಸರಾದ ‘ಮಾಕ್ಸ್ ಮತ್ತು ಮೋರಿಟ್ಸ್’ ಎಂದಿದೆ. ಬಾಲ ಯಾವುದಿದ್ದರೂ ತಲೆಯ ಕಡೆಗೆ ‘ಟಾರ್ಟು ವಿಶ್ವವಿದ್ಯಾಲಯ’ ಎಂಬುದು ಹಾಗೆಯೇ ನಿಂತಿದೆ. ಮುರ್ಸಿಯಾದಲ್ಲಿ ತಂಡ ಮೊದಲಿತ್ತು, ವಿಶ್ವವಿದ್ಯಾಲಯದ ಹೆಸರು ಬಾಡಿಗೆಯಂತೆ ಬಂದು ಸೇರಿತು. ಟಾರ್ಟುವಿನಲ್ಲಿ ವಿಶ್ವವಿದ್ಯಾಲಯದ ಹೊಟ್ಟೆಯಲ್ಲಿಯೇ ತಂಡ ಹುಟ್ಟಿತು, ವ್ಯಾಪಾರಿಯ ಹೆಸರು ಬಾಡಿಗೆಗೆ ಬಂದಿತು.

ಪ್ರಾಗ್ ನಗರದ್ದು ಮೂರನೆಯ ಬಗೆ. ಅಲ್ಲಿನ ವಿದ್ಯಾರ್ಥಿ ತಂಡವಾಗಿದ್ದ ಸ್ಲಾವಿಯಾ ವಿಶೆ 1969ರಲ್ಲಿ ಯುರೋಪಿನ ಕಪ್ ವಿಜೇತರ ಕಪ್ ಗೆದ್ದಿತ್ತು. ಆ ವಂಶದ ಮಹಿಳಾ ತಂಡ ಇಂದು ಯುಎಸ್‌ಕೆ ಪ್ರಾಗ್ ಎಂಬ ಹೆಸರಿನಲ್ಲಿದೆ. ಅದರ ಮುಂದೆ ಎಂಜಿನಿಯರಿಂಗ್ ಕಂಪನಿಯೊಂದರ ಹೆಸರು ಸೇರಿದೆ. 2015ರಲ್ಲಿ ಅದು ತವರಿನಲ್ಲಿಯೇ, ಯುರೋಪಿನ ಕ್ಲಬ್ಬುಗಳ ಅತ್ಯುನ್ನತ ಪಂದ್ಯಾವಳಿಯಾದ ಮಹಿಳೆಯರ ಯೂರೋಲೀಗ್ ಗೆದ್ದಿತು. ಗೆದ್ದ ತಂಡದಲ್ಲಿ ದೇಶವಿದೇಶದ ಅನುಭವಿ ವೃತ್ತಿಪರರಿದ್ದರು.

ಪ್ರಶ್ನೆ: ಇದರಲ್ಲಿ ವಿಶ್ವವಿದ್ಯಾಲಯಕ್ಕೆ ಏನು ಲಾಭ? ವ್ಯಾಪಾರಿಯಾಗಿ ಕೇಳುತ್ತಿದ್ದೇನೆ.
— ಕುಶಾಲನಗರದ ಓದುಗರು

ಉತ್ತರ: ವ್ಯಾಪಾರಿಯಾಗಿಯೇ ಉತ್ತರಿಸುವುದಾದರೆ, ಟಿಕೆಟ್ ಮಾರಾಟದಿಂದ ಹೇಳಿಕೊಳ್ಳುವಂತಹ ಲಾಭವಿಲ್ಲ. ಆದಾಯದ ದೊಡ್ಡ ಪಾಲು ಆಟಗಾರರ ಸಂಬಳಕ್ಕೂ ಪ್ರಯಾಣಕ್ಕೂ ಹೋಗುತ್ತದೆ. ವಿಶ್ವವಿದ್ಯಾಲಯ ಕೊಳ್ಳುವುದು ಹೆಸರನ್ನು. ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ಹೊಸ ವಿದ್ಯಾರ್ಥಿಗಳೇ ಜೀವಾಳ. ವಾರಕ್ಕೊಮ್ಮೆ ದೂರದರ್ಶನದಲ್ಲಿ, ಮರುದಿನ ಪತ್ರಿಕೆಯ ಕ್ರೀಡಾಪುಟದಲ್ಲಿ ಹೆಸರು ಬರುವುದಕ್ಕೆ ಜಾಹೀರಾತು ದರದಲ್ಲಿ ಹಣ ಕೊಡಬೇಕಾದರೆ ಎಷ್ಟಾದೀತು ಎಂದು ಲೆಕ್ಕ ಹಾಕಿ ನೋಡಿ. ಎರಡನೆಯ ಲಾಭ ಕಣ್ಣಿಗೆ ಕಾಣಿಸದ್ದು: ಫಿಸಿಯೋಥೆರಪಿ, ಪೋಷಣೆ, ಕ್ರೀಡಾ ವಿಜ್ಞಾನ, ಕ್ರೀಡಾ ನಿರ್ವಹಣೆ ಓದುವ ವಿದ್ಯಾರ್ಥಿಗಳಿಗೆ ತಂಡವೇ ಪ್ರಯೋಗಶಾಲೆಯಾಗುತ್ತದೆ. ಆಟಗಾರನ ಮೊಣಕಾಲಿಗೆ ಪಟ್ಟಿ ಕಟ್ಟುವ ಕೈ ಪಠ್ಯಪುಸ್ತಕದಲ್ಲಿ ಚಿತ್ರ ನೋಡಿದ ಕೈಗಿಂತ ಬೇಗ ಕಲಿಯುತ್ತದೆ.

ನಷ್ಟದ ಕಡೆಯನ್ನೂ ಹೇಳಬೇಕು. ಇಡೀ ತಂಡ ಒಬ್ಬ ಪ್ರಾಯೋಜಕನ ಇಚ್ಛೆಯ ಮೇಲೆ ನಿಂತಿದ್ದರೆ ಅದರ ಆಯುಷ್ಯ ಆ ಇಚ್ಛೆಯಷ್ಟೇ. ಉತ್ತರ ಸೈಪ್ರಸ್‌ನಲ್ಲಿ 1988ರಲ್ಲಿ ಆರಂಭವಾದ ಯಾಕಿನ್ ದೋವು ವಿಶ್ವವಿದ್ಯಾಲಯ ತನ್ನ ಹೆಸರಿನಲ್ಲಿ ಕಟ್ಟಿದ ಮಹಿಳಾ ತಂಡ 2017ರಲ್ಲಿ ಟರ್ಕಿಯ ಲೀಗನ್ನೂ ಯುರೋಪಿನ ಎರಡನೆಯ ದರ್ಜೆಯ ಕಪ್ಪನ್ನೂ ಗೆದ್ದಿತು, ಮರುವರ್ಷ ಯೂರೋಲೀಗಿನ ಕೊನೆಯ ನಾಲ್ಕರಲ್ಲಿ ಸ್ಥಾನ ಪಡೆಯಿತು. ಇಂದು ಆ ಎತ್ತರದಲ್ಲಿ ಆ ಹೆಸರು ಕಾಣುವುದಿಲ್ಲ. ಕರಿಮೆಣಸಿನ ಬಳ್ಳಿಗೆ ಒಂದೇ ಆಸರೆ ಮರ ಇದ್ದಂತೆ. ಕುಶಾಲನಗರದಲ್ಲಿ ವ್ಯಾಪಾರ ಮಾಡುವ ನಿಮಗೆ ಆ ಮರ ಬಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಕಂಬ ನೆಡಿಸುತ್ತಿದ್ದೇವೆ. ರಿಂಗಿನ ಎತ್ತರ ಎಷ್ಟಿರಬೇಕು, ಅಂಗಣದ ಅಳತೆ ಎಷ್ಟು?
— ಶಿಕ್ಷಕಿ, ಸೋಮವಾರಪೇಟೆ

ಉತ್ತರ: ರಿಂಗು ನೆಲದಿಂದ 3.05 ಮೀಟರ್ ಎತ್ತರದಲ್ಲಿರಬೇಕು. ಅಂಗಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಹುಡುಗರಿಗೆ 7ನೆಯ ಅಳತೆಯ ಚೆಂಡು, ಹುಡುಗಿಯರಿಗೆ 6ನೆಯದು. ಕಂಬವನ್ನು ಅಂಗಣದ ಗೆರೆಯ ಮೇಲೆಯೇ ನೆಡಿಸಬೇಡಿ, ಹಿಂದಕ್ಕೆ ಸರಿಸಿ ಹಲಗೆ ಮುಂದಕ್ಕೆ ಚಾಚುವಂತೆ ಮಾಡಿಸಿ. ಓಡಿ ಬಂದು ಕಂಬಕ್ಕೆ ಹಣೆ ಬಡಿದ ಮಕ್ಕಳನ್ನು ಆಸ್ಪತ್ರೆಗೆ ಹೊತ್ತು ನಡೆದವನು ನಾನು.

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಐದು ಅಡಿ ಒಂಬತ್ತು ಅಂಗುಲ ಎತ್ತರ, ಶಾಲಾ ತಂಡದಿಂದಲೇ ಆಡುತ್ತಿದ್ದಾಳೆ. ಇಂತಹ ವಿಶ್ವವಿದ್ಯಾಲಯ ಕ್ಲಬ್ಬಿಗೆ ಸೇರಿ ಓದುತ್ತಲೇ ಆಡಬೇಕೆಂಬ ಆಸೆ ಅವಳದು. ಮನೆಯಲ್ಲಿ ಹಿರಿಯರು ಓದು ಹಾಳಾಗುತ್ತದೆ ಎನ್ನುತ್ತಾರೆ. ಏನು ಮಾಡಲಿ?
— ತಾಯಿಯೊಬ್ಬರು, ಗೋಣಿಕೊಪ್ಪಲು

ಉತ್ತರ: ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸುತ್ತೇನೆ. ಮುರ್ಸಿಯಾದಂತಹ ಕ್ಲಬ್ಬಿನ ವಿಶ್ವವಿದ್ಯಾಲಯಕ್ಕೆ ಶುಲ್ಕ ಕಟ್ಟಿ ಸೇರಿದ ಮಾತ್ರಕ್ಕೆ ಅಲ್ಲಿನ ತಂಡದ ಬಾಗಿಲು ತೆರೆಯುವುದಿಲ್ಲ. ಪ್ರವೇಶ ಕೊಡಿಸುತ್ತೇವೆ, ತಂಡಕ್ಕೂ ಸೇರಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ವಿದ್ಯಾರ್ಥಿಯಾಗಿರುವುದು ಬೇರೆ, ಕರಾರಿನ ಆಟಗಾರ್ತಿಯಾಗಿರುವುದು ಬೇರೆ. ಎರಡೂ ಒಟ್ಟಿಗೆ ನಡೆಯುವ ಉದಾಹರಣೆಗಳಿವೆ. ಯೂಕಾಮ್ ವಿಶ್ವವಿದ್ಯಾಲಯವೇ ಒಲಿಂಪಿಕ್ ಮಟ್ಟದ ಕ್ರೀಡಾಪಟುಗಳನ್ನು ಬೆಂಬಲಿಸುತ್ತದೆ. ಈಜುಗಾರ್ತಿ ಮಿರೇಯಾ ಬೆಲ್ಮೋಂಟೆ ಆ ಹೆಸರಿನಡಿ ಸ್ಪರ್ಧಿಸಿದವರು. ಆದರೆ ಅವರು ಮೊದಲು ಆ ಮಟ್ಟಕ್ಕೆ ಬಂದರು, ಆಮೇಲೆ ವಿಶ್ವವಿದ್ಯಾಲಯ ಅವರ ಬಳಿಗೆ ಬಂದಿತು.

ನಿಮ್ಮ ಮಗಳಿಗೆ ಹತ್ತಿರವಿರುವ ದಾರಿ ಬೇರೆಯಿದೆ. ನಮ್ಮಲ್ಲಿ ಕ್ರೀಡಾ ಕೋಟಾದಡಿ ಪದವಿಗೆ ಸೇರಿಸಿಕೊಳ್ಳುವ, ಶುಲ್ಕ ಮನ್ನಾ ಮಾಡಿ ಹಾಸ್ಟೆಲ್ ಕೊಡುವ ಕಾಲೇಜುಗಳು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿವೆ. ಅಲ್ಲಿ ಸೇರಿದರೆ ತನ್ನ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಲ್ಲಿಯೂ, 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಗಿ ಎರಡನೆಯ ಬಾರಿಗೆ 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಂತಹ ಕೂಟಗಳಲ್ಲಿಯೂ ಆಡಬಹುದು. ಅಲ್ಲಿಂದ ರೈಲ್ವೆಯಂತಹ ಸಂಸ್ಥೆಗಳು ಆಟಗಾರ್ತಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಭಾರತದ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಂದಿಗೂ ಖಚಿತವಾದ ಅನ್ನ ಎಂದರೆ ಈ ನೌಕರಿಯೇ ಹೊರತು ಲೀಗಿನ ಕರಾರಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಕಾಲೇಜು ಆಯ್ಕೆ ಮಾಡುವಾಗ ಅಲ್ಲಿನ ಟ್ರೋಫಿ ಕಪಾಟನ್ನು ನೋಡಿ ಮರುಳಾಗಬೇಡಿ. ಬಹಳ ವರ್ಷಗಳ ಹಿಂದೆ ನಾನು ನಿರ್ಣಾಯಕನಾಗಿದ್ದ ಒಂದು ಅಂತರ ಕಾಲೇಜು ಪಂದ್ಯದಲ್ಲಿ ಗೆದ್ದ ತಂಡದ ಹುಡುಗನೊಬ್ಬನನ್ನು, ಯಾವ ತರಗತಿ ಎಂದು ಮಾತಿಗೆ ಕೇಳಿದೆ. ಅವನು ಪಕ್ಕದವನ ಮುಖ ನೋಡಿದ. ಕಾಲೇಜಿನ ಹೆಸರು ಈಗ ಬೇಡ. ಹಾಜರಿ ಪುಸ್ತಕದಲ್ಲಿ ಮಾತ್ರ ವಿದ್ಯಾರ್ಥಿಗಳಾಗಿದ್ದ ನಾಲ್ವರು ಆ ತಂಡದಲ್ಲಿದ್ದರು, ಅವರಲ್ಲಿ ಒಬ್ಬರೂ ಪದವಿ ಮುಗಿಸಲಿಲ್ಲ. ಯುರೋಪಿನ ವೃತ್ತಿಪರ ಕ್ಲಬ್ಬು ತನ್ನ ಆಟಗಾರ ವಿದ್ಯಾರ್ಥಿ ಎಂದು ಸುಳ್ಳು ಹೇಳುವುದಿಲ್ಲ, ಸಂಬಳದ ನೌಕರ ಎಂದೇ ಹೇಳುತ್ತದೆ. ನಮ್ಮಲ್ಲಿ ಕೆಲವರು ಸಂಬಳವನ್ನೂ ಕೊಡದೆ, ಪಾಠವನ್ನೂ ಮಾಡದೆ ಹೆಸರು ಮಾತ್ರ ಗಳಿಸುತ್ತಾರೆ. ಹಾಗಾಗಿ ಅಲ್ಲಿ ಈಗ ಆಡುತ್ತಿರುವ ಹಿರಿಯ ವಿದ್ಯಾರ್ಥಿನಿಯರನ್ನೇ ಕಂಡು, ಪಂದ್ಯಾವಳಿಗಾಗಿ ತಪ್ಪಿದ ಪಾಠಗಳನ್ನು ಮತ್ತೆ ಹೇಳಿಕೊಡುತ್ತಾರೆಯೇ, ಮೊಣಕಾಲು ಪೆಟ್ಟಾದರೆ ಖರ್ಚು ಯಾರದು, ಆಡಲಾಗದೆ ಹೋದರೆ ಹಾಸ್ಟೆಲ್ ಉಳಿಯುತ್ತದೆಯೇ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಸಿಗುವ ಉತ್ತರದಿಂದಲೇ ಉಳಿದೆಲ್ಲವೂ ತಿಳಿಯುತ್ತದೆ.

ಹಿರಿಯರಿಗೆ ನನ್ನ ಪರವಾಗಿ ಒಂದು ಮಾತು ತಿಳಿಸಿ. ಅಶ್ವಿನಿ ನಾಚಪ್ಪ, ಜೋಶ್ನಾ ಚಿಣ್ಣಪ್ಪ ಅವರಂತಹವರನ್ನು ಕಂಡ ನಾಡಿನಲ್ಲಿ ಹೆಣ್ಣುಮಗಳ ಆಟದ ಬಗ್ಗೆ ಇಷ್ಟು ಅಂಜಿಕೆ ಬೇಕಾಗಿಲ್ಲ.

ಪ್ರಶ್ನೆ: ಸ್ವಾಮಿ, ಕುಟುಂಬದ ಹೆಸರಿನಲ್ಲಿ ಹಾಕಿ ತಂಡ ಕಟ್ಟುವ ನಾವು ಕೊಡಗು ವಿಶ್ವವಿದ್ಯಾಲಯದ ಹೆಸರಿನಲ್ಲಿ ಒಂದು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕ್ಲಬ್ ಕಟ್ಟಲಾಗದೇ?
— ನಿವೃತ್ತ ಸೈನಿಕರು, ನಾಪೋಕ್ಲು

ಉತ್ತರ: ತಮ್ಮ ಊರಿನ ಮೈದಾನದಲ್ಲಿಯೇ 2024ರಲ್ಲಿ 360 ಕುಟುಂಬಗಳ ತಂಡಗಳು ಕುಂಡ್ಯೋಳಂಡ ಕಪ್‌ಗಾಗಿ ಆಡಿದ್ದನ್ನು ಕಂಡ ತಮಗೆ ಈ ಆಸೆ ಹುಟ್ಟಿದ್ದು ಸಹಜ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ಆ ಹಾಕಿ ಉತ್ಸವವನ್ನು ಆರಂಭಿಸಿದಾಗ ಬಂದದ್ದು 60 ಕುಟುಂಬಗಳು. ಆದರೆ ಒಂದು ಅಂಶವನ್ನು ಗಮನಿಸಬೇಕು. ಅಲ್ಲಿ ಜೆರ್ಸಿಯ ಮೇಲಿನ ಹೆಸರೂ ಜೆರ್ಸಿಯ ಒಳಗಿನ ಮನುಷ್ಯನೂ ಒಂದೇ ಒಕ್ಕದವರು. ಒಲಿಂಪಿಕ್ಸ್ ಆಡಿದವನೂ, ಶಾಲೆಗೆ ಹೋಗುವ ಹುಡುಗಿಯೂ, ಅರವತ್ತು ದಾಟಿದ ಅಜ್ಜನೂ ಒಂದೇ ತಂಡದಲ್ಲಿ ಇಳಿಯಬಹುದು. ಹಣ ಕೊಟ್ಟು ಹೊರಗಿನಿಂದ ಫಾರ್ವರ್ಡ್ ತರುವಂತಿಲ್ಲ. ವೃತ್ತಿಪರ ಕ್ಲಬ್ಬು ನಡೆಯುವುದು ಇದರ ತದ್ವಿರುದ್ಧ ತತ್ತ್ವದ ಮೇಲೆ. ಮುರ್ಸಿಯಾದ ತಂಡದಲ್ಲಿ ಮುರ್ಸಿಯಾದವನು ಒಬ್ಬನೂ ಇಲ್ಲದಿದ್ದರೂ ಪಂದ್ಯ ನಡೆಯುತ್ತದೆ.

ಎರಡನೆಯ ತೊಡಕು ಲೀಗಿನದು. ಕ್ಲಬ್ಬು ಬದುಕುವುದಕ್ಕೆ ವರ್ಷಕ್ಕೆ ಏಳೆಂಟು ತಿಂಗಳು ನಡೆಯುವ ಲೀಗ್ ಬೇಕು. ಭಾರತದಲ್ಲಿ ಯುಬಿಎ ಹೆಸರಿನ ವೃತ್ತಿಪರ ಲೀಗ್ 2015ರಲ್ಲಿ ಆರಂಭವಾಗಿ 2017ಕ್ಕೆ ನಿಂತಿತು; 2022ರಲ್ಲಿ ಐಎನ್‌ಬಿಎಲ್ ಬಂದಿತು. ಇವುಗಳಲ್ಲಿ ಸಣ್ಣ ಊರಿನ ತಂಡವೊಂದು ಕೆಳಗಿನಿಂದ ಗೆಲ್ಲುತ್ತ ಮೇಲಕ್ಕೆ ಹತ್ತುವ ಏಣಿ ಇಲ್ಲ. 2015ರಲ್ಲಿ ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎಗೆ ಆಯ್ಕೆಯಾದ ಮೊದಲ ಭಾರತೀಯ ಸತ್ನಾಮ್ ಸಿಂಗ್ ಕೂಡ ಲುಧಿಯಾನದ ಅಕಾಡೆಮಿಯಿಂದ ಅಮೆರಿಕಕ್ಕೆ ಹೋದವರೇ ಹೊರತು ಇಲ್ಲಿನ ಯಾವ ಲೀಗಿನಿಂದಲೂ ಬಂದವರಲ್ಲ. ಟಾರ್ಟು ತಂಡದ ಅದೃಷ್ಟವೆಂದರೆ, 2018ರಿಂದ ಎಸ್ಟೋನಿಯಾ ಮತ್ತು ಲಾಟ್ವಿಯಾ ಎಂಬ ಎರಡು ಪುಟ್ಟ ದೇಶಗಳು ಕೂಡಿ ಒಂದೇ ಲೀಗ್ ನಡೆಸುತ್ತಿವೆ. ಒಬ್ಬರಿಂದ ಸಾಗದ್ದನ್ನು ಇಬ್ಬರು ಹೊತ್ತಿದ್ದಾರೆ.

ಮೂರನೆಯದು ವಿಶ್ವವಿದ್ಯಾಲಯದ್ದೇ. ಚಿಕ್ಕಅಳುವಾರದ ಜ್ಞಾನಕಾವೇರಿ ಆವರಣ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು, 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಗಿ ಕಾರ್ಯಾರಂಭ ಮಾಡಿತು. ಹೊಸ ವಿಶ್ವವಿದ್ಯಾಲಯಗಳನ್ನು ವಿಲೀನಗೊಳಿಸುವ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲಿ ಬಂದಾಗ ಅದರ ಹೆಸರೂ ಆ ಪಟ್ಟಿಯಲ್ಲಿತ್ತು. ತನ್ನ ಉಳಿವಿನ ಬಗ್ಗೆಯೇ ಅರ್ಜಿ ಬರೆಯಬೇಕಾದ ಸಂಸ್ಥೆಯಿಂದ ಕರಾರಿನ ಆಟಗಾರರಿಗೆ ಸಂಬಳ ನಿರೀಕ್ಷಿಸುವುದು ನ್ಯಾಯವಲ್ಲ.

ಹಾಗೆಂದು ತಮ್ಮ ಆಸೆಯನ್ನು ಮಡಿಸಿಡಬೇಕಾಗಿಲ್ಲ. ಹೈಡೆಲ್‌ಬರ್ಗ್ ಮಾದರಿಯಲ್ಲಿ, ಸಂಬಳದ ಮಾತೇ ಇಲ್ಲದೆ, ವಿದ್ಯಾರ್ಥಿಗಳೂ ಅಧ್ಯಾಪಕರೂ ಊರಿನವರೂ ಒಟ್ಟಿಗೆ ಸದಸ್ಯರಾಗುವ ವಿಶ್ವವಿದ್ಯಾಲಯ ಕ್ರೀಡಾ ಕ್ಲಬ್ಬು ನಮ್ಮಲ್ಲಿ ಸಾಧ್ಯವಿದೆ. ಅದರಲ್ಲಿ ಫಾರೆಸ್ಟ್ರಿ ಕಾಲೇಜಿನ ಹುಡುಗನೂ, ಗೋಣಿಕೊಪ್ಪಲಿನ ಆ ತಾಯಿಯ ಮಗಳೂ, ರಜೆಯಲ್ಲಿ ಬಂದ ಯೋಧನೂ ಆಡಬಹುದು. ಹನ್ನೆರಡು ಜನ ಸಿಕ್ಕರೆ ತಂಡವಾಯಿತು. ಹಾಕಿಗೆ ಬೇಕಾದಷ್ಟು ದೊಡ್ಡ ಮೈದಾನವೂ ಬೇಕಾಗಿಲ್ಲ.

ಆದರೆ ಅಂಗಣದ ತಲೆಯ ಮೇಲೆ ಒಂದು ಮಾಡು, ಅಂದರೆ ಚಾವಣಿ, ಬೇಕು. ದಾನಿಗಳು ಸಿಕ್ಕರೆ ಮೊದಲ ರೂಪಾಯಿಯನ್ನು ತರಬೇತುದಾರನಿಗಾಗಲಿ ಜೆರ್ಸಿಗಾಗಲಿ ಹಾಕಬೇಡಿ, ಶೀಟು ಹೊದಿಸಿದ ಎತ್ತರದ ಮಾಡಿಗೆ ಹಾಕಿ. ನಾನು ಆಟ ಕಲಿತದ್ದು ಬಂಧುಗಳೊಬ್ಬರ ತೋಟದ ಕಾಫಿ ಕಣದಲ್ಲಿ. ಸಿಲ್ವರ್ ಓಕ್ ಕಂಬಕ್ಕೆ ಹಲಗೆ ಹೊಡೆದು, ಹಳೆಯ ಪೀಪಾಯಿಯ ಕಬ್ಬಿಣದ ಬಳೆಯನ್ನು ರಿಂಗು ಮಾಡಿದ್ದೆವು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಬಿಸಿಲು ಇದ್ದು ಸಿಮೆಂಟು ಒಣಗಿರುವ ಕಾಲದಲ್ಲಿ, ಕಣದ ತುಂಬ ಕಾಫಿ ಹರಡಿರುತ್ತಿತ್ತು, ಕಾಲಿಟ್ಟರೆ ಬೈಗುಳ. ಜೂನ್‌ನಲ್ಲಿ ಕಣ ಖಾಲಿಯಾಗಿ ನಮಗೇ ಸಿಗುತ್ತಿತ್ತು; ಆಗ ಮಳೆ. ಕಕ್ಕಡ ತಿಂಗಳ ಹೊತ್ತಿಗೆ ಪಾಚಿ ಕಟ್ಟಿ, ಒಂದು ಹೆಜ್ಜೆ ಓಡಿದರೆ ಎರಡು ಹೆಜ್ಜೆ ಜಾರುತ್ತಿದ್ದೆವು. ವರ್ಷದಲ್ಲಿ ನಮಗೆ ಆಟಕ್ಕೆ ದೊರೆಯುತ್ತಿದ್ದದ್ದು ಏಪ್ರಿಲ್, ಮೇ ಮತ್ತು ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಹಿಂದೆ ಸರಿದ ಮೇಲಿನ ಕೆಲವು ವಾರಗಳು. ಆ ವಾರಗಳಲ್ಲಿಯೂ, ಚೆಂಡು ತೋಡಿಗೆ ಉರುಳಿದರೆ ತರಲು ಹೋದವನಿಗೆ ಜಿಗಣೆ ಖಚಿತವಾಗಿತ್ತು.